ಓದುಗರ ಓಲೆ: ಮ್ಯಾನ್ ದ್ವೀಪದ ಗುಡಿ, ಬುಗ್ಗೆ, ಬುಗೇನ್

ಹೋದ ಸಂಚಿಕೆಯಲ್ಲಿ ಮ್ಯಾನ್ ದ್ವೀಪದ ಬಗ್ಗೆ ಒಂದು ಪುಟ ಬರೆದಿದ್ದೆ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿರುವ ಈ ದ್ವೀಪವನ್ನು ಮಗ ಲಿವರ್‌ಪೂಲಿನಲ್ಲಿ ಕೆಲಸಕ್ಕಿದ್ದಾಗ ನೋಡಿ ಬಂದಿದ್ದೆ. ಆ ಪುಟಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಓಲೆಗಳು ಬಂದಿವೆ, ಹೆಚ್ಚಿನವು ಹಳ್ಳಿಗಳಿಂದ. ಈ ಸಲದ ಅಂಕಣ ಪೂರ್ತಿ ಅವಕ್ಕೇ ಮೀಸಲು.

ಪ್ರಶ್ನೆ: ಅಕ್ಕೋರ, ಆ ದ್ವೀಪದಾಗ ‘ಕೀಲ್’ ಅಂತ ಸಣ್ಣ ಸಣ್ಣ ಕಲ್ಲಿನ ಗುಡಿ ಅದಾವು ಅಂತ ಬರದು ಮುಂದ ಹೋಗಿಬಿಟ್ರಿ. ನಮ್ಮ ಹೊಲದಾಗೂ ಒಂದು ಹಾಳು ಗುಡಿ ಐತಿ. ನಮ್ಮಪ್ಪ ಅದರ ಬಾಜೂಕ ಕುಂಟಿ ಹೊಡೀಲಿಲ್ಲ, ನಾನೂ ಹೊಡದಿಲ್ಲ. ಈಗ ಮಗ ಟ್ರ್ಯಾಕ್ಟರ್ ತಿರಗಸಾಕ ಅಡ್ಡ ಆಗತೈತಿ, ತಗಸೂಣು ಅಂತಾನ. ಅಲ್ಲಿ ಮಂದಿ ತಮ್ಮವನ್ನ ಹೆಂಗ ಉಳಿಸಿಕೊಂಡ್ರು?
— ನಿವೃತ್ತ ತಲಾಠಿ, ಮುದ್ದೇಬಿಹಾಳ ತಾಲೂಕು

ಉತ್ತರ: ತಲಾಠಿಯವರೇ, ಈ ಉತ್ತರವನ್ನು ಮಗನನ್ನೂ ಪಕ್ಕದಲ್ಲಿ ಕೂಡಿಸಿಕೊಂಡು ಓದಿ. ಅಲ್ಲಿಯವರೆಗೆ ಒಂದು ಕಲ್ಲೂ ಅಲುಗಬಾರದು.

ಕೀಲ್ ದೊಡ್ಡ ಕಟ್ಟಡವಲ್ಲ. ಒಳಗಿನ ಉದ್ದ ಹದಿನೈದು ಅಡಿಯ ಆಸುಪಾಸು, ಅಗಲ ಹತ್ತು ಅಡಿ. ಕಲ್ಲು ಮಣ್ಣಿನ ದಪ್ಪ ಗೋಡೆ. ಪೂರ್ವದ ಗೋಡೆಗೆ ಆತುಕೊಂಡ ಪೂಜಾವೇದಿ, ಅದರ ಮೇಲೊಂದು ಚಿಕ್ಕ ಕಿಟಕಿ. ಹತ್ತು ಮಂದಿ ನಿಂತರೆ ತುಂಬಿಹೋಗುತ್ತದೆ. ಸುತ್ತಲಿನ ಪೌಳಿಯೊಳಗೆ ಗೋರಿಗಳು: ಬದಿಗಳಿಗೆ ಹಲಗೆಗಲ್ಲು ನಿಲ್ಲಿಸಿ, ಮೇಲೆಯೂ ಹಲಗೆಗಲ್ಲನ್ನೇ ಮುಚ್ಚುತ್ತಿದ್ದರು. ಬಿಳಿ ಬೆಣಚುಕಲ್ಲಿನ ಹರಳುಗಳು ಇಂಥ ಗೋರಿಗಳಲ್ಲಿ ಸಿಕ್ಕಿವೆ. ಕ್ರೈಸ್ತ ಧರ್ಮ ಆ ದ್ವೀಪಕ್ಕೆ ಬಂದ ಹೊಸತರಲ್ಲಿ, ಸುಮಾರು 6ನೇ ಶತಮಾನದಿಂದ 12ನೇ ಶತಮಾನದವರೆಗೆ ಇವನ್ನು ಕಟ್ಟಿದರು. ಆಗ ಊರಿಗೊಂದು ಚರ್ಚು ಎಂಬುದಿರಲಿಲ್ಲ, ನಾಲ್ಕಾರು ಮನೆತನಗಳ ಹೊಲಗಳಿಗೆ ಒಂದೊಂದು ಕೀಲ್. ನೂರೈವತ್ತಕ್ಕೂ ಹೆಚ್ಚು ಜಾಗಗಳು ಪತ್ತೆಯಾಗಿವೆ; ಕಣ್ಣಿಗೆ ಕಾಣುವ ಹಾಗೆ ಉಳಿದಿರುವುದು ಅದರ ಕಾಲು ಭಾಗವೂ ಇಲ್ಲ.

ಇಷ್ಟಾದರೂ ಉಳಿದದ್ದು ಮೊದಲು ನಿಮ್ಮಪ್ಪನಂಥ ರೈತರಿಂದ. ಕೀಲ್ ಇದ್ದ ನೆಲಕ್ಕೆ ನೇಗಿಲು ಹಚ್ಚಿದರೆ ಮನೆಗೆ ಕೇಡು, ದನಕರುವಿಗೆ ಕೇಡು ಎಂಬ ಭಯ ಅಲ್ಲಿಯೂ ಇತ್ತು. ಹೊಲವೆಲ್ಲ ಉತ್ತು ಆ ಒಂದು ದಿಬ್ಬವನ್ನು ಮಾತ್ರ ತಲೆತಲಾಂತರ ಬಿಟ್ಟುಕೊಂಡು ಬಂದರು. ಆದರೆ ಭಯ ಒಂದು ಕಾಲಕ್ಕೆ ತೀರಿಹೋಗುತ್ತದೆ. ನಿಮ್ಮ ಮನೆಯಲ್ಲಿ ಈಗ ಆಗಿರುವುದೂ ಅದೇ. 19ನೇ ಶತಮಾನದ ಹೊತ್ತಿಗೆ ಅಲ್ಲಿಯೂ ಹೊಲಗಳು ದೊಡ್ಡದಾಗಿ, ಕೀಲಿನ ಕಲ್ಲುಗಳು ಒಡ್ಡಿಗೂ ದನದ ಕೊಟ್ಟಿಗೆಯ ಗೋಡೆಗೂ ಹೋಗತೊಡಗಿದವು.

ಆಗ ಎದ್ದು ನಿಂತವನು ಕರ್ಮೋಡ್. ಫಿಲಿಪ್ ಮೂರ್ ಕ್ಯಾಲೋ ಕರ್ಮೋಡ್, ಹುಟ್ಟಿದ್ದು 1855ರಲ್ಲಿ. ಪುರಾತತ್ವ ಅವನ ಹೊಟ್ಟೆಪಾಡಲ್ಲ. ರಾಮ್ಸೆ ಎಂಬ ಪಟ್ಟಣದ ನ್ಯಾಯಾಲಯದಲ್ಲಿ ಗುಮಾಸ್ತ. ಕಾಗದಪತ್ರ ನೋಡುವ ಶಿಸ್ತನ್ನೇ ಅವನು ಕಲ್ಲುಗಳ ಮೇಲೆ ತಿರುಗಿಸಿದ. ಮೊದಲು ದ್ವೀಪದಲ್ಲಿ ಕೆತ್ತನೆಯಿರುವ ಪ್ರತಿಯೊಂದು ಶಿಲುಬೆಗಲ್ಲನ್ನೂ ಹುಡುಕಿ, ತಾನೇ ಚಿತ್ರ ಬರೆದು, 1907ರಲ್ಲಿ ಪುಸ್ತಕ ಮಾಡಿದ. ಆಮೇಲೆ ಸಂಗಡಿಗರೊಂದಿಗೆ ಒಂದೊಂದೇ ಪ್ಯಾರಿಶ್ (ಒಂದು ಚರ್ಚಿನ ವ್ಯಾಪ್ತಿಯ ಸೀಮೆ) ಹಿಡಿದು ಕೀಲುಗಳ ಸರ್ವೆಗೆ ಇಳಿದ. 1909ರಿಂದ ಅದರ ವರದಿಗಳು ಒಂದೊಂದಾಗಿ ಅಚ್ಚಾದವು. ಯಾವ ತೋಟದ ಯಾವ ಹೊಲ, ಗೋಡೆ ಎಷ್ಟು ದಪ್ಪ, ಬಾಗಿಲು ಯಾವ ದಿಕ್ಕಿಗೆ, ಗೋರಿ ಎಲ್ಲಿ, ಆ ಹೊಲಕ್ಕೆ ಜನ ಕರೆಯುವ ಹೆಸರೇನು, ಹೇಳುವ ಕತೆ ಏನು, ಎಲ್ಲವೂ ಅದರಲ್ಲಿದೆ. ಪೂರ್ತಿ ಕಿತ್ತುಹೋಗಿದ್ದ ಕಡೆಗಳಲ್ಲೂ, ಇಲ್ಲಿ ಇತ್ತು ಎಂದು ವಯಸ್ಸಾದವರು ತೋರಿಸಿದ ಜಾಗವನ್ನು ಗುರುತು ಹಾಕಿಕೊಂಡ. 1922ರಲ್ಲಿ ಡಗ್ಲಸ್ ಪಟ್ಟಣದಲ್ಲಿ ಮ್ಯಾಂಕ್ಸ್ (ಅಂದರೆ ಮ್ಯಾನ್ ದ್ವೀಪದ) ಮ್ಯೂಸಿಯಂ ತೆರೆದಾಗ ಅದರ ಮೊದಲ ನಿರ್ದೇಶಕ ಅವನೇ, 1932ರಲ್ಲಿ ತೀರಿಕೊಂಡ. ಇವತ್ತು ಪ್ರತಿ ಮೇ ತಿಂಗಳಲ್ಲಿ ಅಲ್ಲಿನ ಜನ ವಾರವಿಡೀ ಕೀಲಿನಿಂದ ಕೀಲಿಗೆ ನಡೆದು ಹೋಗಿ ಪ್ರಾರ್ಥನೆ ಮಾಡುತ್ತಾರೆ. ಎಲ್ಲಿಗೆ ನಡೆಯಬೇಕೆಂದು ಅವರಿಗೆ ಗೊತ್ತಿರುವುದು ಆ ಗುಮಾಸ್ತ ಬರೆದಿಟ್ಟದ್ದರಿಂದ.

ನಾನು ನೋಡಿದ್ದು ಈಶಾನ್ಯ ಮೂಲೆಯ ಮಾಗೋಲ್ಡ್ ಊರಿನಲ್ಲಿ. ಈಗಲೂ ಪೂಜೆ ನಡೆಯುವ ಚರ್ಚಿನ ಅಂಗಳದಲ್ಲೇ ಮೂರು ಕೀಲುಗಳ ಅಡಿಪಾಯ ಇದೆ. ಹುಲ್ಲು ಹತ್ತಿದ ಗೋಡೆಯ ಸಾಲು, ನಡುವೆ ಬಾಗಿಲಿದ್ದ ಸಂದು. ಆ ಸಂದಿನಲ್ಲಿ ನಾನು ಅಡ್ಡ ತಿರುಗಿ ಒಳಗೆ ಹೋದೆ. ಒಳಗೆ ಎರಡು ಹೆಜ್ಜೆ ಇಟ್ಟರೆ ಎದುರಿನ ಗೋಡೆ. ಚಪ್ಪಲಿ ಹೊರಗೆ ಬಿಟ್ಟೆ. ಅಲ್ಲಿ ಹಾಗೆ ಯಾರೂ ಬಿಡುವುದಿಲ್ಲ, ಆದರೆ ನನಗೆ ಕಾಲು ಬರಲಿಲ್ಲ.

ಈಗ ನಿಮ್ಮ ಹೊಲಕ್ಕೆ ಬರೋಣ. ಕರ್ಮೋಡ್ ಮಾಡಿದ್ದನ್ನು ಮಾಡಲು ನಿಮಗಿಂತ ತಕ್ಕವರು ನಿಮ್ಮ ತಾಲೂಕಿನಲ್ಲಿಲ್ಲ. ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿ ಬರೆಯುವುದು ನಿಮ್ಮ ಕೈಯ ಕೆಲಸವಾಗಿತ್ತು. ಒಂದು ನೋಟಬುಕ್ಕು ತೆಗೆದುಕೊಂಡು ಗುಡಿಯ ನಾಲ್ಕೂ ಗೋಡೆ ಟೇಪು ಹಿಡಿದು ಅಳೆಯಿರಿ. ಬಾಗಿಲ ದಿಕ್ಕು, ಬಿದ್ದ ಕಂಬ, ಒಳಗಿರುವ ಕಲ್ಲು ಯಾವ ದೇವರದು, ಏನೂ ಬಿಡದೆ ಬರೆಯಿರಿ. ಅಕ್ಷರ ಕಂಡರೆ ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಲ್ಲಿ ಫೋಟೋ ತೆಗೆಯಿರಿ, ಅಕ್ಷರ ತಾವಾಗಿಯೇ ಎದ್ದು ಕಾಣುತ್ತವೆ. ಅಗೆಯುವ ಗೊಡವೆಗೆ ಹೋಗಬೇಡಿ. ಬರೆದುದರ ಒಂದು ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಟ್ರ್ಯಾಕ್ಟರಿಗೆ ತಿರುವು ಬೇಕಾದರೆ ಬದುವಿನ ಕಡೆಯಿಂದ ನಾಲ್ಕು ಮಾರು ಬಿಟ್ಟುಕೊಡಲು ಮಗನಿಗೆ ಹೇಳಿ. ಆ ಮಾರುಗಳ ಬೆಳೆ ಹೋದರೆ ಮನೆ ಮುಳುಗುವುದಿಲ್ಲ.

ಪ್ರಶ್ನೆ: ಬಾಯಾರ, ನಾನು ದರ್ಜಿ ಕೆಲಸ ಮಾಡತೇನಿ. ದರ್ಜಿಯೊಬ್ಬ ದೆವ್ವದ ಮುಂದ ಕುಂತು ಚೊಣ್ಣ ಹೊಲದ ಕತಿ ಅಲ್ಲೇ ಐತಿ ಅಂತ ಒಂದು ಸಾಲು ಬರದ್ರಿ. ಪೂರಾ ಹೇಳ್ರಿ. ಅಂಗಡ್ಯಾಗ ಎಲ್ಲಾರೂ ಕೇಳಾಕತ್ತಾರ.
— ಓದುಗರೊಬ್ಬರು, ರಬಕವಿ

ಉತ್ತರ: ಡಗ್ಲಸ್‌ನಿಂದ ಪೀಲ್ ಊರಿಗೆ ಹೋಗುವ ದಾರಿಯಲ್ಲಿ ಗ್ರೀಬಾ ಎಂಬ ಬೆಟ್ಟ. ಅದರ ಬುಡದ ಹೊಲದಲ್ಲಿ ಸೇಂಟ್ ಟ್ರಿನಿಯನ್ ಎಂಬ ಪ್ರಾರ್ಥನಾ ಮಂದಿರವಿದೆ. ನಾಲ್ಕೂ ಗೋಡೆ ನಿಂತಿವೆ, ಮೇಲೆ ಮಾಳಿಗೆ ಇಲ್ಲ. ಯಾಕಿಲ್ಲ ಎಂಬುದಕ್ಕೆ ಈ ಕತೆ.

ಬೆಟ್ಟದಲ್ಲಿ ಒಂದು ಬುಗೇನ್ ಇತ್ತು. ಬುಗೇನ್ ಅಂದರೆ ಮೈತುಂಬ ಕರಿ ಕೂದಲು, ಉರಿಯುವ ಕಣ್ಣು, ಕೋರೆಹಲ್ಲಿನ ಭೂತ. ಚರ್ಚಿನ ಗಂಟೆ ಅದಕ್ಕೆ ಆಗಿಬರುತ್ತಿರಲಿಲ್ಲ. ಮಂದಿರಕ್ಕೆ ಮಾಳಿಗೆ ಹಾಕಿದರೆ ಅದೇ ರಾತ್ರಿ ಬಂದು ಕಿತ್ತೆಸೆಯಿತು. ಮತ್ತೆ ಹಾಕಿದರು, ಮತ್ತೆ ಕಿತ್ತಿತು. ಮೂರನೆಯ ಸಲ ಮಾಳಿಗೆ ಏರಿದಾಗ ಟಿಮೋತಿ ಎಂಬ ದರ್ಜಿ ಪಂಥ ಕಟ್ಟಿದ: ಮಾಳಿಗೆ ಏರಿದ ಮೊದಲ ರಾತ್ರಿ ನಾನು ಒಳಗೆ ಕೂತು ಒಂದು ಚೊಣ್ಣ ಹೊಲಿದು ಮುಗಿಸುತ್ತೇನೆ.

ಸೂಜಿ, ದಾರ, ಬೆರಳುಟೋಪಿ, ಕತ್ತರಿ, ಮೇಣದಬತ್ತಿ ತೆಗೆದುಕೊಂಡು ಹೋಗಿ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತ. ಚೊಣ್ಣದ ಕಾಲು ಕತ್ತರಿಸಿ, ಜೋಡಿಸಿ, ಟಾಕಿ ಹಾಕತೊಡಗಿದ. ನಡುರಾತ್ರಿಗೆ ನೆಲ ಬಿರಿಯಿತು. ಮೊದಲು ತಲೆ ಬಂತು.

“ನನ್ನ ತಲೆ ಎಷ್ಟು ದೊಡ್ಡದು, ನೋಡಿದೆಯಾ?”

“ನೋಡಿದೆ, ನೋಡಿದೆ,” ಎಂದ ಟಿಮೋತಿ. ಕಣ್ಣು ಮಾತ್ರ ಸೂಜಿಯ ಮೇಲೆ.

ಹೆಗಲು ಬಂತು, ಎದೆ ಬಂತು, ಉಗುರಿನ ಕೈ ಬಂತು. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ, ಪ್ರತಿ ಸಲವೂ ದಾರ ಬೇಗ ಬೇಗ ಓಡುತ್ತಿತ್ತು. ಭೂತ ಒಂದು ಕಾಲು ನೆಲದಿಂದ ಎಳೆದುಕೊಂಡು, ಇನ್ನೊಂದನ್ನು ಎಳೆಯುವಷ್ಟರಲ್ಲಿ ಕೊನೆಯ ಹೊಲಿಗೆ ಬಿತ್ತು. ಟಿಮೋತಿ ದಾರ ಕಚ್ಚಿ ತುಂಡು ಮಾಡಿ, ಚೊಣ್ಣ ಕಂಕುಳಿಗೆ ಹಾಕಿ ಕಿಟಕಿಯಿಂದ ಹಾರಿದ. ಹಿಂದೆ ಮಾಳಿಗೆ ದಡಾರನೆ ಬಿತ್ತು. ಭೂತ ಬೆನ್ನು ಹತ್ತಿತು. ದರ್ಜಿ ಓಡಿ ಓಡಿ ಮರೌನ್ ಚರ್ಚಿನ ಸ್ಮಶಾನದ ಗೋಡೆ ಹಾರಿ ಒಳಗೆ ಬಿದ್ದ. ಪವಿತ್ರ ನೆಲ, ಬುಗೇನ್ ದಾಟುವಂತಿಲ್ಲ. ಸಿಟ್ಟಿಗೆ ತನ್ನ ತಲೆಯನ್ನೇ ಕಿತ್ತು ಗೋಡೆಯಾಚೆ ಎಸೆಯಿತು. ತಲೆ ದರ್ಜಿಯ ಕಾಲ ಬಳಿ ಬಿದ್ದು ಚೂರಾಯಿತು. ಅವನಿಗೆ ಏನೂ ಆಗಲಿಲ್ಲ. ಆಮೇಲೆ ಆ ಮಂದಿರಕ್ಕೆ ಮಾಳಿಗೆ ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ.

ಈ ಕತೆಯಲ್ಲಿ ನನಗೆ ಬಹಳ ಹಿಡಿಸಿದ್ದು ದರ್ಜಿಯ ಕೈಗೆಲಸ. ಮಂತ್ರ ಹೇಳಲಿಲ್ಲ, ಕತ್ತಿ ಹಿಡಿಯಲಿಲ್ಲ, ಹೊಲಿಗೆ ಬಿಡಲಿಲ್ಲ. ನಿಮ್ಮ ಅಂಗಡಿಯಲ್ಲಿ ಇದನ್ನು ಗಟ್ಟಿಯಾಗಿ ಓದಿ.

ಪ್ರಶ್ನೆ: ನಮ್ಮ ಯಲ್ಲಮ್ಮನ ಗುಡ್ಡದಲ್ಲಿ ಎಣ್ಣೆಹೊಂಡ, ಜೋಗುಳಬಾವಿಯಲ್ಲಿ ಮಿಂದು ಹರಕೆ ತೀರಿಸುತ್ತಾರೆ. ಆ ದ್ವೀಪದಲ್ಲಿಯೂ ನೀರಿಗೆ ಹರಕೆ ಹೊರುವ ಪದ್ಧತಿ ಇದೆಯೇ?
— ಗೃಹಿಣಿ, ಸವದತ್ತಿ

ಉತ್ತರ: ಇತ್ತು ತಾಯಿ, ಬಹಳ ಗಟ್ಟಿಯಾಗಿಯೇ ಇತ್ತು. ಅಲ್ಲಿ ಬಾವಿ ಎಂದರೆ ಮೆಟ್ಟಿಲಿನ ದೊಡ್ಡ ಬಾವಿಯಲ್ಲ. ಬೆಟ್ಟದ ಮಗ್ಗುಲಲ್ಲಿ ಕಲ್ಲಿನ ಸಂದಿನಿಂದ ಒಸರುವ ಬುಗ್ಗೆ. ಬಹಳಷ್ಟು ಬುಗ್ಗೆಗಳ ಪಕ್ಕದಲ್ಲೇ ಒಂದು ಕೀಲ್ ಇರುತ್ತಿತ್ತು. ಆಗಸ್ಟ್ ತಿಂಗಳ ಮೊದಲ ಭಾನುವಾರ ಬೆಟ್ಟ ಹತ್ತಿ ಬುಗ್ಗೆಗಳಿಗೆ ಹೋಗಿ ನೀರು ಕುಡಿಯುವುದು ಕ್ರೈಸ್ತ ಧರ್ಮಕ್ಕಿಂತ ಹಳೆಯ ರೂಢಿ.

ದಕ್ಷಿಣದ ಮೆಲ್ಯೂ ಪ್ಯಾರಿಶ್‌ನಲ್ಲಿ ಚಿಬ್ಬರ್ ಉಂಜಿನ್ ಎಂಬ ಬುಗ್ಗೆಯ ಬಳಿ ಜನ ಮಾಡುತ್ತಿದ್ದ ಕ್ರಮ ಬರವಣಿಗೆಯಲ್ಲಿ ಉಳಿದಿದೆ. ರೋಗಿ ಬಾಯಿ ತುಂಬ ನೀರು ತುಂಬಿಕೊಳ್ಳಬೇಕು. ಅದನ್ನು ನುಂಗದೆ, ಉಗುಳದೆ, ಸೂರ್ಯ ಹೋಗುವ ದಿಕ್ಕಿಗೆ ಬುಗ್ಗೆಯ ಸುತ್ತ ಎರಡು ಪ್ರದಕ್ಷಿಣೆ ಹಾಕಬೇಕು. ಆಮೇಲೆ ಉಟ್ಟ ಬಟ್ಟೆಯಿಂದ ಒಂದು ಚಿಂದಿ ಹರಿದು, ಬುಗ್ಗೆಯ ನೀರಲ್ಲಿ ತೋಯಿಸಿ ಪಕ್ಕದ ಮರಕ್ಕೆ ಕಟ್ಟಬೇಕು. ಚಿಂದಿ ಕೊಳೆತು ಉದುರಿದಾಗ ರೋಗವೂ ಉದುರಿತು ಎಂಬ ನಂಬಿಕೆ. ಹರಕೆಗೆ ಮರಕ್ಕೆ ಬಟ್ಟೆ ಕಟ್ಟಿದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಬುಗ್ಗೆಗಳಲ್ಲಿ ಗುಂಡುಸೂಜಿ, ಹರಳು, ನಾಣ್ಯ ಹಾಕುತ್ತಿದ್ದರು.

ಮಾಗೋಲ್ಡ್ ಸಂತನ ಬುಗ್ಗೆ ಸಮುದ್ರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿದೆ. ಆ ಸಂತನ ಕತೆಯೂ ಚೆಂದ. ಐರ್ಲೆಂಡಿನಲ್ಲಿ ದರೋಡೆಕೋರರ ನಾಯಕನಾಗಿದ್ದವ. ಸಂತ ಪ್ಯಾಟ್ರಿಕ್‌ನ ಎದುರು ಪಶ್ಚಾತ್ತಾಪಪಟ್ಟಾಗ, ಕಾಲಿಗೆ ಕೋಳ ತೊಡಿಸಿ, ಬೀಗದ ಕೈ ಸಮುದ್ರಕ್ಕೆಸೆದು, ಹುಟ್ಟಿಲ್ಲದ ತೊಗಲಿನ ದೋಣಿಯಲ್ಲಿ ಅವನನ್ನು ಬಿಟ್ಟರು. ದೇವರು ಒಯ್ದಲ್ಲಿಗೆ ಹೋಗು ಎಂದು. ದೋಣಿ ಈ ದ್ವೀಪಕ್ಕೆ ಬಂದು ತಗುಲಿತು. ಕೊನೆಗೆ ಆ ಕೀಲಿಕೈ ಒಂದು ಮೀನಿನ ಹೊಟ್ಟೆಯಲ್ಲಿ ಸಿಕ್ಕಿತು ಎನ್ನುತ್ತಾರೆ. ಶಕುಂತಲೆಯ ಉಂಗುರದ ನೆನಪು ನನಗೂ ಬಂತು. ಕಳ್ಳನಾಗಿದ್ದವನನ್ನು ಆಮೇಲೆ ದ್ವೀಪದ ಬಿಷಪ್ ಎಂದು ಜನ ನೆನೆದರು.

ಬುಗ್ಗೆಯ ನೀರು ತೀರ ಕಡಿಮೆ, ಅಂಗೈಯಷ್ಟು. ನಾನು ಹೋದಾಗ ಯಾರೋ ಅದರ ಮೇಲಿನ ಎಲೆ ಕಸ ತೆಗೆದು ಬದಿಗಿಟ್ಟಿದ್ದರು.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಮ್ಯಾನ್ ದ್ವೀಪ ಬ್ರಿಟನ್‌ನ ಭಾಗವೋ, ಬೇರೆ ದೇಶವೋ?
— ವಿದ್ಯಾರ್ಥಿ, ವಿಜಯಪುರ

ಉತ್ತರ: ಎರಡೂ ಅಲ್ಲ. ಬ್ರಿಟನ್‌ನ ಅರಸೊತ್ತಿಗೆಗೆ ಸೇರಿದ್ದು, ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿದ್ದಲ್ಲ. ರಕ್ಷಣೆ, ವಿದೇಶ ವ್ಯವಹಾರ ಬ್ರಿಟನ್ ನೋಡುತ್ತದೆ; ಕಾನೂನು, ತೆರಿಗೆ ಅವರದೇ. 1266ರವರೆಗೆ ನಾರ್ವೆಯ ಅಧೀನದಲ್ಲಿತ್ತು, 1765ರಲ್ಲಿ ಬ್ರಿಟಿಷ್ ಅರಸೊತ್ತಿಗೆಗೆ ಬಂತು. ಜನಸಂಖ್ಯೆ ಸುಮಾರು 84,000.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಅವರ ಶಾಸನಸಭೆ ಟಿನ್ವಾಲ್ಡ್ ಬಗ್ಗೆ ಎರಡು ಮಾತು ಹೇಳದೆ ಬಿಡಲಾರೆ. ಸಾವಿರ ವರ್ಷದ ಉತ್ಸವವನ್ನು 1979ರಲ್ಲಿ ಆಚರಿಸಿದ ಸಭೆ ಅದು. ಆಸ್ತಿಯಿದ್ದ ವಿಧವೆಯರಿಗೂ ಅವಿವಾಹಿತೆಯರಿಗೂ 1881ರಲ್ಲೇ ಮತ ಕೊಟ್ಟಿತು. ಪ್ರತಿ ವರ್ಷ ಜುಲೈ 5ರಂದು ಸೇಂಟ್ ಜಾನ್ಸ್ ಎಂಬ ಹಳ್ಳಿಯ ಬಯಲಿನಲ್ಲಿ, ನಾಲ್ಕು ಅಂತಸ್ತಿನ ಒಂದು ಮಣ್ಣಿನ ದಿಬ್ಬದ ಮೇಲೆ ಸೇರುತ್ತಾರೆ. ದ್ವೀಪದ ಹದಿನೇಳು ಪ್ಯಾರಿಶ್‌ಗಳಿಂದಲೂ ಮಣ್ಣು ತಂದು ಮಾಡಿದ ದಿಬ್ಬ ಎಂಬ ಪ್ರತೀತಿ. ಆ ವರ್ಷ ಮಾಡಿದ ಕಾನೂನುಗಳನ್ನು ಮ್ಯಾಂಕ್ಸ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಜನರೆದುರು ಸಾರುತ್ತಾರೆ. ಪಕ್ಕದ ಚರ್ಚಿನಿಂದ ದಿಬ್ಬದವರೆಗಿನ ದಾರಿಗೆ ಜೊಂಡುಹುಲ್ಲು ಹಾಸುತ್ತಾರೆ. ಹಿಂದೆ ಇದೇ ಹುಲ್ಲನ್ನು ಮನನ್ನಾನ್ ಎಂಬ ಸಮುದ್ರದೇವರಿಗೆ ಕಂದಾಯವೆಂದು ಬೇಸಿಗೆಯ ನಡುವೆ ಬೆಟ್ಟದ ಮೇಲೆ ಒಪ್ಪಿಸುತ್ತಿದ್ದರಂತೆ. ಶತ್ರುಗಳ ಹಡಗು ಬಂದರೆ ದ್ವೀಪಕ್ಕೆ ಮಂಜಿನ ಹೊದಿಕೆ ಹೊದಿಸುವವನು ಅವನು. ಆ ದಿನ ಎಲ್ಲರೂ ಅಂಗಿಗೆ ಒಂದು ಸೊಪ್ಪಿನ ಎಸಳು ಸಿಕ್ಕಿಸಿಕೊಳ್ಳುತ್ತಾರೆ. ಅದು ನಮ್ಮ ದವನದ ಬಳಗದ್ದೇ ಗಿಡ. ಇನ್ನೊಂದು: ಯಾವ ನಾಗರಿಕನಾದರೂ ಆ ದಿನ ದಿಬ್ಬದ ಬುಡಕ್ಕೆ ಹೋಗಿ ತನ್ನ ಅಹವಾಲಿನ ಅರ್ಜಿಯನ್ನು ಕೈಯಾರೆ ಸಲ್ಲಿಸಬಹುದು. ನಾಳೆ ನೀವು ಅಧಿಕಾರಿಯಾದಾಗ ಅರ್ಜಿ ಹಿಡಿದು ನಿಂತವರ ಮುಖ ನೋಡಿ.

ಪ್ರಶ್ನೆ: ಬಾದಾಮಿಯಲ್ಲಿ ಗೈಡ್ ಆಗಿದ್ದೇನೆ. ಆ ಶಿಲುಬೆಗಲ್ಲುಗಳಲ್ಲಿ ಶಿಲ್ಪಿಯ ಹೆಸರು ಇರುತ್ತದೆಯೇ?
— ಓದುಗರು, ಬಾದಾಮಿ

ಉತ್ತರ: ಒಬ್ಬನದು ಧಾರಾಳವಾಗಿದೆ. ಕರ್ಕ್ ಮೈಕಲ್ ಚರ್ಚಿನ ಒಂದು ಕಲ್ಲಿನ ಮೇಲೆ, 10ನೇ ಶತಮಾನದ್ದು, ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯಲ್ಲಿ “ಇದನ್ನೂ ಮ್ಯಾನ್‌ನಲ್ಲಿರುವ ಎಲ್ಲವನ್ನೂ ಗೌಟ್ ಮಾಡಿದ” ಎಂದು ಕೊರೆದಿದೆ. ಸರಪಳಿಯಂತೆ ಹೆಣೆದ ಅವನ ವಿನ್ಯಾಸವನ್ನು ಕಂಡರೆ ಆ ಜಂಬ ಒಪ್ಪುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಗುಂಡ ಅನಿವಾರಿತಾಚಾರಿಯ ಹೆಸರು ತೋರಿಸುವಾಗ ನೀವು ಗೌಟ್‌ನ ಹೆಸರನ್ನೂ ಹೇಳಬಹುದು. ಗುಂಡ ಅವನಿಗಿಂತ ಸುಮಾರು ಇನ್ನೂರು ವರ್ಷ ಹಿರಿಯ.

ಆಂಡ್ರಿಯಾಸ್ ಚರ್ಚಿನ ಒಂದು ಮುರಿದ ಕಲ್ಲು ಇನ್ನೂ ದೊಡ್ಡ ಸಂಗತಿ. ಥೋರ್‌ವಾಲ್ಡ್ ಎಂಬವನು ನಿಲ್ಲಿಸಿದ್ದು. ಒಂದು ಮುಖದಲ್ಲಿ ಉತ್ತರದವರ ಹಳೆಯ ದೇವರು ಓಡಿನ್, ಹೆಗಲ ಮೇಲೆ ಹಕ್ಕಿ, ಕೈಯಲ್ಲಿ ಭರ್ಜಿ. ಫೆನ್ರಿರ್ ಎಂಬ ತೋಳ ಅವನ ಕಾಲನ್ನು ಬಾಯಿಗೆ ಹಾಕಿಕೊಂಡಿದೆ. ಇನ್ನೊಂದು ಮುಖದಲ್ಲಿ ಶಿಲುಬೆ ಮತ್ತು ಗ್ರಂಥ ಹಿಡಿದ ವ್ಯಕ್ತಿ, ಕಾಲ ಕೆಳಗೆ ಹಾವು, ಪಕ್ಕದಲ್ಲಿ ಮೀನು. ಊರು ಒಂದು ಧರ್ಮದಿಂದ ಇನ್ನೊಂದಕ್ಕೆ ಹೊರಳುತ್ತಿದ್ದ ಕಾಲದಲ್ಲಿ ಎರಡನ್ನೂ ಒಂದೇ ಕಲ್ಲಿನ ಬೆನ್ನಿಗೆ ಬೆನ್ನು ಹಚ್ಚಿ ಕೆತ್ತಿಸಿದ.

ನನಗೆ ಎಲ್ಲಕ್ಕಿಂತ ಆಪ್ತವಾದದ್ದು ಕರ್ಕ್ ಮೈಕಲ್‌ನ ಮತ್ತೊಂದು ಕಲ್ಲು. ಮಾಲ್ ಲುಮ್ಕುನ್ ಎಂಬವನು ತನ್ನನ್ನು ಸಾಕಿದ ಮಾಲ್ ಮುರಾಳ ನೆನಪಿಗೆ ನಿಲ್ಲಿಸಿದ್ದು. ಕೊನೆಗೆ ಒಂದು ಸಾಲು ಸೇರಿಸಿದ್ದಾನೆ: ಕೆಟ್ಟ ಮಗನನ್ನು ಬಿಟ್ಟುಹೋಗುವುದಕ್ಕಿಂತ ಒಳ್ಳೆಯ ಸಾಕುಮಗನನ್ನು ಬಿಟ್ಟುಹೋಗುವುದು ಲೇಸು. ಆ ಮನೆಯಲ್ಲಿ ಏನು ನಡೆದಿತ್ತೋ, ಹೆತ್ತ ಮಗ ಏನು ಮಾಡಿದ್ದನೋ. ಸಾವಿರ ವರ್ಷದ ಮೇಲೂ ಆ ಹೆಂಗಸಿನ ಪರವಾಗಿ ಒಬ್ಬ ಸಾಕ್ಷಿ ನಿಂತಿದ್ದಾನೆ.

ಪ್ರಶ್ನೆ: ಫೇರಿಗಳ (ಅಲ್ಲಿಯ ಕಿನ್ನರರ) ಸೇತುವೆ ದಾಟುವಾಗ ಜನ ನಮಸ್ಕಾರ ಹೇಳುತ್ತಾರೆಂದು ಬರೆದಿದ್ದಿರಿ. ಇದು ನಿಜವಾದ ನಂಬಿಕೆಯೋ, ಪ್ರವಾಸಿಗರಿಗಾಗಿ ಮಾಡಿದ್ದೋ?
— ಬಿ.ಎಡ್. ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಡಗ್ಲಸ್‌ನಿಂದ ಕ್ಯಾಸಲ್‌ಟೌನ್‌ಗೆ ಹೋಗುವ ಹೆದ್ದಾರಿಯ ಸೇತುವೆ ಇತ್ತೀಚಿನ ರೂಢಿಯ ಜಾಗ, ಹಳಬರು ಹೇಳುವ ಸೇತುವೆ ಬೇರೆ ಕಡೆ, ಓಕ್‌ಹಿಲ್ ಹತ್ತಿರ, ಗಿಡಗಂಟಿಯ ನಡುವೆ ಇದೆ. ಆದರೂ ನಾನು ಹೋದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೇತುವೆ ಬಂದಾಗ ಮಾತು ನಿಲ್ಲಿಸಿ, ತುಟಿಯಲ್ಲೇ ನಮಸ್ಕಾರ ಹೇಳಿ, ಮತ್ತೆ ಮಾತು ಮುಂದುವರಿಸಿದರು. ಪ್ರವಾಸಿಗಳಿಗೆ ತೋರಿಸಲು ಅಲ್ಲ. 1907ರಿಂದ ಅಲ್ಲಿ ನಡೆಯುವ ಮೋಟಾರ್‌ಸೈಕಲ್ ರೇಸಿಗೆ ಬರುವ ಸವಾರರೂ ಇಲ್ಲಿ ನಮಸ್ಕಾರ ಹೇಳಿಯೇ ಹೋಗುತ್ತಾರೆ.

ಮನೆಯೊಳಗಿನ ಆಚರಣೆಗಳು ಇನ್ನೂ ಗಟ್ಟಿ. ಏಪ್ರಿಲ್ 30ರ ಸಂಜೆ ರೋವನ್ ಮರದ ಎರಡು ಕಡ್ಡಿಯನ್ನು ಶಿಲುಬೆಯಾಗಿ ಕಟ್ಟಿ ಬಾಗಿಲ ಮೇಲೆ ಇಡುತ್ತಾರೆ. ಕಡ್ಡಿಗೆ ಚಾಕು ತಾಗಿಸಬಾರದು, ಕೈಯಿಂದಲೇ ಮುರಿಯಬೇಕು. ಕಟ್ಟುವುದು ಬೇಲಿಗೆ ಸಿಕ್ಕ ಕುರಿಯ ಉಣ್ಣೆಯಿಂದ. ಹೊಸಿಲಿಗೆ ಹಳದಿ ಹೂ ಚೆಲ್ಲುತ್ತಾರೆ. ಒಳ್ಳೆಯದಲ್ಲದ್ದು ಒಳಗೆ ಬರದಿರಲಿ ಎಂದು. ನೀವು ನಾಳೆ ಶಿಕ್ಷಕಿಯಾಗುವವರು; ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಯಾಕೆ ಚೆಲ್ಲುತ್ತೀರಿ ಎಂದು ನಿಮ್ಮ ಮಕ್ಕಳಿಂದ ಅವರವರ ಅಜ್ಜಿಯರನ್ನು ಕೇಳಿಸಿ, ಬರೆಸಿ. ನಂಬಿಕೆ ನಿಜವೋ ಸುಳ್ಳೋ ಎಂಬ ಚರ್ಚೆ ಆಮೇಲೆ ಮಾಡಿದರಾಯಿತು.

ಪ್ರಶ್ನೆ: ನಮ್ಮಲ್ಲೇ ಸಾವಿರ ಗುಡಿ ಹಾಳುಬಿದ್ದಿವೆ. ಎಲ್ಲಿಯದೋ ದ್ವೀಪದ ಕಲ್ಲಿನ ಬಗ್ಗೆ ಪುಟ ತುಂಬಿಸುವುದು ಯಾಕೆ?
— ಓದುಗರು, ಗೋಕಾಕ

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ಸಿಟ್ಟಿನಿಂದಲೇ ಬರೆದೆ. ಇಡೀ ದ್ವೀಪ 572 ಚದರ ಕಿಲೋಮೀಟರ್. ಬಾಗಲಕೋಟೆ ಜಿಲ್ಲೆಯ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ನೆಲದ ಪ್ರತಿ ಕೆತ್ತಿದ ಕಲ್ಲಿಗೂ ಅವರಲ್ಲಿ ಲೆಕ್ಕವಿದೆ. ಪುರಾತನ ಸ್ಮಾರಕಗಳಿಗೆ ಅವರ ಸಭೆ ಕಾನೂನು ಮಾಡಿದ್ದು 1886ರಲ್ಲಿ.

ನಮ್ಮಲ್ಲಿ ಕೆಲಸವೇ ಆಗಿಲ್ಲ ಎನ್ನುವುದಿಲ್ಲ. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಫ್ಲೀಟ್ ಈ ಭಾಗದ ಶಾಸನಗಳನ್ನು ಓದಿ ಪ್ರಕಟಿಸಿದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಶುರುವಾಗಿ ಹಳ್ಳಿ ಹಳ್ಳಿ ತಿರುಗಿ ಶಾಸನ ಸಂಗ್ರಹಿಸಿತು. ಐಹೊಳೆ, ಪಟ್ಟದಕಲ್ಲಿಗೆ ಕಾವಲಿದೆ. ಆದರೆ ಅಕ್ಷರವಿಲ್ಲದ ವೀರಗಲ್ಲು, ಕೈಯೆತ್ತಿದ ಮಾಸ್ತಿಗಲ್ಲು, ಬೇವಿನ ಕಟ್ಟೆಯ ನಾಗರಕಲ್ಲು? ಅವು ಯಾವ ಪಟ್ಟಿಯಲ್ಲಿವೆ?

ನಾನು ಹಳೇ ಬಾಗಲಕೋಟೆಯವಳು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ನಾವು ನವನಗರಕ್ಕೆ ಎದ್ದು ಬಂದೆವು. ದೊಡ್ಡ ದೇವರುಗಳನ್ನು ಮೆರವಣಿಗೆಯಲ್ಲಿ ತಂದರು, ಹೊಸ ಗುಡಿ ಕಟ್ಟಿದರು. ನಮ್ಮ ಓಣಿಯ ತಿರುವಿನಲ್ಲಿ ಒಂದು ವೀರಗಲ್ಲಿತ್ತು. ಕೆಳಗಿನ ಪಟ್ಟಿಯಲ್ಲಿ ಆಕಳುಗಳು, ಅವುಗಳ ಮುಂದೆ ಬಿಲ್ಲು ಹಿಡಿದವನೊಬ್ಬ. ಮೇಲೆ ಅವನನ್ನು ಅಪ್ಸರೆಯರು ಹೊತ್ತೊಯ್ಯುತ್ತಿದ್ದರು. ಊರ ದನ ಬಿಡಿಸಲು ಹೋಗಿ ಸತ್ತವನು. ಬಾಣಂತಿಯರು ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು, ಎಣ್ಣೆಗೆ ಅವನ ಮುಖ ಕರಗಿ ನುಣುಪಾಗಿತ್ತು. ಅದನ್ನು ಯಾರೂ ತರಲಿಲ್ಲ, ಯಾರೂ ಅಳೆಯಲಿಲ್ಲ, ಒಂದು ಫೋಟೋ ಕೂಡ ಇಲ್ಲ. ಕರ್ಮೋಡ್‌ನ ಕೆಲಸ ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಹಾಗಾಗಿ ಪುಟ ತುಂಬಿಸಿದೆ, ಮುಂದೆಯೂ ತುಂಬಿಸುವೆ. ಗೋಕಾಕದ ನಿಮ್ಮ ಓಣಿಯಲ್ಲಿ ಹಾಗೆ ಬಿದ್ದ ಕಲ್ಲು ಯಾವುದಿದೆ, ಬರೆದು ಕಳಿಸಿ. ಈ ಅಂಕಣದಲ್ಲಿ ಅದಕ್ಕೆ ಜಾಗ ಕೊಡುತ್ತೇನೆ.

ಪ್ರಶ್ನೆ: ಮ್ಯಾಂಕ್ಸ್ ಭಾಷೆ ಸತ್ತಿದೆ ಎಂದು ಎಲ್ಲೋ ಓದಿದ್ದೆ. ನೀವು ಸಾರುತ್ತಾರೆ, ಹಾಡುತ್ತಾರೆ ಎನ್ನುತ್ತೀರಿ.
— ಕನ್ನಡ ಶಾಲೆಯ ಶಿಕ್ಷಕರು, ನಿಪ್ಪಾಣಿ

ಉತ್ತರ: ಅದನ್ನು ತಾಯಿನುಡಿಯಾಗಿ ಆಡಿದ ಕೊನೆಯವರು ಎನಿಸಿದ ಮೀನುಗಾರ ನೆಡ್ ಮ್ಯಾಡ್ರೆಲ್ 1974ರ ಡಿಸೆಂಬರ್ 27ರಂದು ತೀರಿಕೊಂಡರು. ಆದರೆ ಅದಕ್ಕೂ ಮೊದಲೇ, 1948ರಲ್ಲಿ, ಐರ್ಲೆಂಡಿನ ಜಾನಪದ ಆಯೋಗದವರು ಬಂದು ಉಳಿದಿದ್ದ ಮುದುಕರ ಮಾತನ್ನು ಧ್ವನಿಮುದ್ರಿಸಿದ್ದರು. ಆಸಕ್ತ ಯುವಕರು ಅವರ ಮನೆಗಳಿಗೆ ಹೋಗಿ ಕೂತು ಕಲಿತರು. ಅವರಿಂದ ಮುಂದಿನವರು ಕಲಿತರು. 2001ರಲ್ಲಿ ಪೂರ್ತಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ ಶುರುವಾಯಿತು. 2009ರಲ್ಲಿ ಯುನೆಸ್ಕೋ ಈ ಭಾಷೆ ಅಳಿದಿದೆ ಎಂದು ಪಟ್ಟಿ ಮಾಡಿದಾಗ ಆ ಶಾಲೆಯ ಮಕ್ಕಳು ಮ್ಯಾಂಕ್ಸ್‌ನಲ್ಲೇ ಪತ್ರ ಬರೆದು, ಹಾಗಾದರೆ ನಾವು ಯಾವ ಭಾಷೆಯಲ್ಲಿ ಬರೆಯುತ್ತಿದ್ದೇವೆ ಎಂದು ಕೇಳಿದರು. ಯುನೆಸ್ಕೋ ಪಟ್ಟಿ ತಿದ್ದಿತು. ಗಡಿಯ ಕನ್ನಡ ಶಾಲೆಯಲ್ಲಿ ಕಲಿಸುವ ನಿಮಗೆ ನಾನು ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಪ್ರಶ್ನೆ: ತಂಗಿಯ ಮಗ ಲಿವರ್‌ಪೂಲಿನಲ್ಲಿ ಓದುತ್ತಿದ್ದಾನೆ. ಎರಡು ದಿನ ಬಿಡುವಿದ್ದರೆ ದ್ವೀಪದಲ್ಲಿ ಏನು ನೋಡಬೇಕು?
— ಓದುಗರು, ಇಳಕಲ್

ಉತ್ತರ: ಬೇಸಿಗೆಯಲ್ಲಿ ಹೋಗಲಿ. ಲಿವರ್‌ಪೂಲಿನಿಂದ ಡಗ್ಲಸ್‌ಗೆ ಮೂರು ತಾಸಿಗಿಂತ ಕಡಿಮೆ ಹೊತ್ತಿನಲ್ಲಿ ಮುಟ್ಟಿಸುವ ಹಡಗಿದೆ. ಅದಕ್ಕೆ ಆ ಸಮುದ್ರದೇವರು ಮನನ್ನಾನ್‌ನ ಹೆಸರನ್ನೇ ಇಟ್ಟಿದ್ದಾರೆ. ಮೊದಲ ದಿನ ಬೆಳಿಗ್ಗೆ ಮ್ಯಾಂಕ್ಸ್ ಮ್ಯೂಸಿಯಂ, ಮಧ್ಯಾಹ್ನ ಪೀಲ್ ಕೋಟೆ. ಕೋಟೆಯೊಳಗೆ ಪಾಳುಬಿದ್ದ ಕೆಥೆಡ್ರಲ್ ಇದೆ, ಕಾವಲುಗಾರರ ಕೋಣೆಗೆ ರಾತ್ರಿ ಬರುತ್ತಿದ್ದ ಕರಿ ನಾಯಿಯ ಕತೆ ಇದೆ. ಅಲ್ಲಿ 1980ರ ದಶಕದ ಉತ್ಖನನದಲ್ಲಿ ಸಿಕ್ಕ ವೈಕಿಂಗ್ (ಉತ್ತರದಿಂದ ಹಡಗಿನಲ್ಲಿ ಬಂದವರ) ಕಾಲದ ಹೆಣ್ಣಿನ ಗೋರಿಯಲ್ಲಿ ಗಾಜು, ಅಂಬರು, ಜೆಟ್ ಎಂಬ ಕರಿಕಲ್ಲಿನ 71 ಮಣಿಯ ಸರವಿತ್ತು.

ಎರಡನೆಯ ದಿನ ಮಾಗೋಲ್ಡ್. ಶಿಲುಬೆಗಲ್ಲುಗಳ ಚಪ್ಪರ, ಕೀಲುಗಳು, ಬುಗ್ಗೆ ಎಲ್ಲಕ್ಕೂ ಅರ್ಧ ದಿನ ಬೇಕು. ದಕ್ಷಿಣದ ಬಲ್ಲಾಡೂಲ್‌ಗೂ ಹೋಗುವುದಾದರೆ ಒಂದು ಸಂಗತಿ ತಿಳಿದಿರಲಿ: ಅಲ್ಲಿನ ವೈಕಿಂಗ್ ಹಡಗಿನ ಸಮಾಧಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಗೆದು ತೆಗೆದವರು ಗೆರ್ಹಾರ್ಡ್ ಬೆರ್ಸು. ಯಹೂದಿ ಮೂಲದವರೆಂದು ನಾಜಿಗಳು ಅವರನ್ನು ಹುದ್ದೆಯಿಂದ ತೆಗೆದಿದ್ದರು. ಇಂಗ್ಲೆಂಡಿಗೆ ಬಂದರೆ ಜರ್ಮನ್ ಎಂದು ಹಿಡಿದು ಈ ದ್ವೀಪದಲ್ಲಿ ಬಂಧನದಲ್ಲಿಟ್ಟರು. ಕಾವಲಿನಲ್ಲೇ ಅವರು ಆ ಕೆಲಸ ಮಾಡಿದರು. ಹಡಗಿನ ಮರವೆಲ್ಲ ಮಣ್ಣಾಗಿತ್ತು, ಉಳಿದಿದ್ದ ಕಬ್ಬಿಣದ ಮೊಳೆಗಳ ಸಾಲನ್ನು ಹಿಡಿದು ಅದರ ಉದ್ದ ಕಂಡುಕೊಂಡರು.

ಗಟ್ಟಿ ಬೂಟು, ಮಳೆಯಂಗಿ ಇರಲಿ ಎಂದು ಹೇಳಿ. ಗಾಳಿ ವಿಪರೀತ, ಕೊಡೆ ಉಪಯೋಗಕ್ಕೆ ಬರುವುದಿಲ್ಲ.